ಭಾನುವಾರ ಬೆಳಗಿನ ಮರುಪ್ರಸಾರ: ಹಾಸನ ಜಿಲ್ಲೆಯ ಒಂದು ವೀಕ್ಷಕ ದೂರಿನ ಪ್ರಕರಣ ಅಧ್ಯಯನ

ಹಾಸನ ಜಿಲ್ಲೆಯ ಮಲೆನಾಡು ಸೆರಗಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಕೆಲವು ಮನೆಗಳವರು ಸೇರಿ, ವಾರಾಂತ್ಯಕ್ಕೆ ಬರುವ ಒಂದು ಹಾಸ್ಯ ಕಾರ್ಯಕ್ರಮದ ಮೇಲೆ ದೂರು ಕೊಟ್ಟರು. ದೂರು ಮೊದಲು ಸಂಬಂಧವಿಲ್ಲದ ಮೇಜಿಗೆ ಹೋಗಿ ಹಿಂಬರಹದೊಂದಿಗೆ ಮರಳಿತು, ಬೇರೆ ರೂಪ ಪಡೆದು ಮತ್ತೆ ಹೊರಟಿತು, ಕೇಳಿದ್ದರಲ್ಲಿ ಒಂದಷ್ಟನ್ನು ಗಿಟ್ಟಿಸಿಕೊಂಡಿತು. ಅದರ ಕಾಗದಪತ್ರಗಳನ್ನು ಪೂರ್ತಿಯಾಗಿ ನೋಡಿ, ಎರಡನೇ ಸುತ್ತಿನ ಕರಡನ್ನು ತಿದ್ದುವುದರಲ್ಲಿ ಕೈಜೋಡಿಸಿದ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಊರು, ವಾಹಿನಿ, ಕಾರ್ಯಕ್ರಮ ಮತ್ತು ವ್ಯಕ್ತಿಗಳ ಹೆಸರನ್ನು ಕೈಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಕಾರ್ಯಕ್ರಮ ಶನಿವಾರ ರಾತ್ರಿ ಒಂಬತ್ತಕ್ಕೆ ಪ್ರಸಾರವಾಗುತ್ತಿತ್ತು. ಗಂಡ-ಹೆಂಡಿರ ಜಗಳ, ಅತ್ತೆ-ಸೊಸೆ, ಪಕ್ಕದ ಮನೆಯವರು ಎಂಬ ಹಳೆಯ ಸರಕಿನ ಮೇಲೆ ಕಟ್ಟಿದ ಕಿರು ಪ್ರಹಸನಗಳು, ಮಧ್ಯೆ ಮಧ್ಯೆ ತೀರ್ಪುಗಾರರ ನಗು, ಸಭಿಕರ ಚಪ್ಪಾಳೆ. ಮೊದಲ ಕೆಲವು ತಿಂಗಳು ಊರಿನವರಿಗೆ ಅದರ ಮೇಲೆ ಯಾವ ತಕರಾರೂ ಇರಲಿಲ್ಲ. ದೂರುದಾರರಲ್ಲಿ ಹೆಚ್ಚಿನವರು ಅದನ್ನು ಇಷ್ಟಪಟ್ಟು ನೋಡುತ್ತಿದ್ದವರೇ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇಂಥ ದೂರು ಕೊಡುವವರು ಟಿವಿಯನ್ನೇ ದ್ವೇಷಿಸುವವರು ಎಂಬ ಭಾವನೆ ವಾಹಿನಿಗಳಲ್ಲೂ ಕಚೇರಿಗಳಲ್ಲೂ ಬಲವಾಗಿದೆ. ಪೈಪೋಟಿ ಹೆಚ್ಚಿದಂತೆ ಪ್ರಹಸನಗಳಲ್ಲಿ ದ್ವಂದ್ವಾರ್ಥದ ಮಾತು ಹೆಚ್ಚಿತು. ಅದರ ಜೊತೆಗೆ, ಮಕ್ಕಳ ಪಾತ್ರಕ್ಕೆ ನಿಜವಾದ ಮಕ್ಕಳನ್ನೇ ಕರೆತರುವ ರೂಢಿಯೂ ಶುರುವಾಯಿತು.

ದೂರಿಗೆ ಮೊದಲು ಮಾತು ತೆಗೆದದ್ದು ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ, ತನ್ನ ಎರಡನೇ ಕ್ಲಾಸಿನ ಮಗ ಟಿವಿಯಲ್ಲಿ ಕೇಳಿದ ಒಂದು ಮಾತನ್ನು ನೆಂಟರೆದುರು ಹೇಳಿ ಎಲ್ಲರನ್ನೂ ನಗಿಸಿದ್ದನ್ನೂ, ತಾನು ಅವನಿಗೆ ಬಾರಿಸಿದ್ದನ್ನೂ, ಆಮೇಲೆ ಏಕೆ ಬಾರಿಸಿದೆ ಎಂದು ಅವನಿಗೆ ವಿವರಿಸಲಾಗದೆ ಒದ್ದಾಡಿದ್ದನ್ನೂ ಹೇಳಿದರು. ಅದೇ ಅನುಭವ ಬೇರೆಯವರಿಗೂ ಇತ್ತು. ಊರಿನ ನಿವೃತ್ತ ಮುಖ್ಯಶಿಕ್ಷಕಿಯೊಬ್ಬರನ್ನು ಮುಂದೆ ಬಿಟ್ಟುಕೊಂಡು ಮನವಿ ಪತ್ರ ಬರೆಯುವುದೆಂದು ತೀರ್ಮಾನವಾಯಿತು.

ಮೊದಲ ಮನವಿ

ಮನವಿ ಪತ್ರದ ಮೊದಲ ಕರಡು ನನ್ನ ಮುಂದಿದೆ. ಅದು ಸಂಸ್ಕೃತಿಯ ಅಧಃಪತನದಿಂದ ಆರಂಭವಾಗಿ, ಧಾರಾವಾಹಿಯೊಂದರ ಮೊದಲ ರಾತ್ರಿಯ ದೃಶ್ಯ, ನಿರೂಪಕಿಯರ ಉಡುಪು, ಕಾಂಡೋಮ್ ಜಾಹೀರಾತು, ಸ್ಯಾನಿಟರಿ ಪ್ಯಾಡ್ ಜಾಹೀರಾತು, ಹಾಸ್ಯ ಕಾರ್ಯಕ್ರಮ, ಜೊತೆಗೆ ಊರಿನ ಕೇಬಲ್‌ನವರ ಲೋಕಲ್ ಚಾನೆಲ್‌ನಲ್ಲಿ ರಾತ್ರಿ ಹಾಕುವ ಊರಹಬ್ಬದ ರೆಕಾರ್ಡ್ ಡಾನ್ಸ್, ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಇವೆಲ್ಲವನ್ನೂ ನಿಷೇಧಿಸಬೇಕೆಂದು ಕೇಳುತ್ತದೆ. ಸಹಿಗಳು ಎರಡು ಪುಟ ತುಂಬಿವೆ. ಯಾವ ದಿನ, ಎಷ್ಟು ಗಂಟೆಗೆ, ಏನು ಬಂತು ಎಂಬ ಒಂದು ಸಾಲೂ ಇಲ್ಲ.

ಸಹಿಗೆ ಕಾಗದ ಬಂದಾಗ ಆಶಾ ಕಾರ್ಯಕರ್ತೆಯೊಬ್ಬರು ಪೆನ್ನು ಹಿಡಿಯಲಿಲ್ಲ. “ಪ್ಯಾಡ್ ವಿಷ್ಯ ಯಾಕ್ ಸೇರ್ಸಿದೀರ ಟೀಚರ್? ನಾವು ಮನೆಮನೆಗೆ ಹೋಗಿ ಹೆಣ್ಮಕ್ಳಿಗೆ ಹೇಳೋದೇ ಅದನ್ನ. ಟಿವಿಲಿ ಬರ್ಬಾರ್ದು ಅಂತ ನಾನೇ ಸಹಿ ಹಾಕಿದ್ರೆ ನಾಳೆ ಯಾವ ಮುಖ ಇಟ್ಕೊಂಡು ಹೋಗ್ಲಿ?” ಎಂದರು. ಮುಖ್ಯಶಿಕ್ಷಕಿ ಅಲ್ಲೇ ಆ ಸಾಲನ್ನು ಹೊಡೆದುಹಾಕಿದರು. ಉಡುಪಿನ ಸಾಲು ಹೋದದ್ದು ಬಹಳ ತಡವಾಗಿ. ಅದನ್ನು ತೆಗೆಸಲು ಪದವಿ ಕಾಲೇಜಿನ ಉಪನ್ಯಾಸಕರೊಬ್ಬರು ಪಟ್ಟು ಹಿಡಿಯಬೇಕಾಯಿತು. ನಮಗೆ ಮುಜುಗರ ಆಗುವುದೆಲ್ಲ ಅಶ್ಲೀಲವಾದರೆ ಊರಿನ ಅರ್ಧ ಹುಡುಗಿಯರ ಮೇಲೆ ನಾವೇ ದೂರು ಕೊಡಬೇಕಾದೀತು ಎಂಬುದು ಅವರ ವಾದವಾಗಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇಲ್ಲೇ ಇದೆ, ಯಾವ ಕಚೇರಿಯಲ್ಲೂ ಅಲ್ಲ.

ಹಾಗಿದ್ದರೂ ಉಳಿದದ್ದೆಲ್ಲ ಸೇರಿಯೇ ಮನವಿ ಜನಸ್ಪಂದನ ಸಭೆಯಲ್ಲಿ ಜಿಲ್ಲಾಧಿಕಾರಿಗಳ ಕೈ ಸೇರಿತು. ಕಾಫಿ ಕೊಯ್ಲಿನ ದಿನಗಳು. ವಿಚಾರಿಸಿಕೊಂಡು ಓಡಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಮೂರು ತಿಂಗಳು ಕಳೆದು ಹಿಂಬರಹ ಬಂತು. ಲೋಕಲ್ ಚಾನೆಲ್‌ನ ವಿಷಯವನ್ನು ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿಯ ಮುಂದೆ ಇಡಲಾಗುವುದು, ಉಪಗ್ರಹ ವಾಹಿನಿಯ ಕಾರ್ಯಕ್ರಮದ ಬಗ್ಗೆ ಸಂಬಂಧಪಟ್ಟ ವಾಹಿನಿಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬಹುದು ಎಂಬುದು ಅದರ ಸಾರ. ಊರಿನಲ್ಲಿ ಇದನ್ನು ಕೈತೊಳೆದುಕೊಂಡರು ಎಂದೇ ಓದಿದರು. ಹಿಂಬರಹ ಹೇಳಿದ್ದು ಮಾತ್ರ ಕಾನೂನಿನ ಪ್ರಕಾರ ಸರಿಯಾಗಿತ್ತು.

ಯಾವ ದೂರಿಗೆ ಯಾವ ಬಾಗಿಲು

ಟಿವಿ ಕಾರ್ಯಕ್ರಮಗಳಿಗೆ ಸಿನಿಮಾದಂತೆ ಮೊದಲೇ ನೋಡಿ ಪ್ರಮಾಣಪತ್ರ ಕೊಡುವ ಮಂಡಳಿಯಿಲ್ಲ. ಪ್ರಸಾರವಾದ ಮೇಲೆ ಪ್ರಶ್ನಿಸುವುದೊಂದೇ ದಾರಿ. ಅದಕ್ಕೆ ಆಧಾರ 1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಮತ್ತು 1994ರ ನಿಯಮಗಳು. ಆ ನಿಯಮಗಳ 6ನೆಯದು ಕಾರ್ಯಕ್ರಮ ಸಂಹಿತೆ, 7ನೆಯದು ಜಾಹೀರಾತು ಸಂಹಿತೆ. ಸದಭಿರುಚಿ ಮತ್ತು ಸಭ್ಯತೆಗೆ ಧಕ್ಕೆ ತರುವಂಥದ್ದು, ಅಶ್ಲೀಲವಾದದ್ದು, ಹೆಣ್ಣನ್ನು ಹೀನವಾಗಿ ಚಿತ್ರಿಸುವಂಥದ್ದು ಸಲ್ಲದು ಎಂದು 6ನೇ ನಿಯಮ ಹೇಳುತ್ತದೆ. ಇವೆಲ್ಲ ವಾದಕ್ಕೆ ಎಡೆಗೊಡುವ ಮಾತುಗಳು. ಒಬ್ಬರ ಸದಭಿರುಚಿ ಇನ್ನೊಬ್ಬರಿಗೆ ಮಡಿವಂತಿಕೆ. ಆದರೆ ಅದೇ ನಿಯಮದ 5ನೇ ಉಪನಿಯಮ ಬೇರೆ ಜಾತಿಯದು: ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮಗಳನ್ನು, ಅತಿ ಹೆಚ್ಚು ಮಕ್ಕಳು ಟಿವಿ ನೋಡುವ ಹೊತ್ತಿನಲ್ಲಿ ಪ್ರಸಾರ ಮಾಡಕೂಡದು. ಇಲ್ಲಿ ಪ್ರಶ್ನೆ ಅಭಿರುಚಿಯಿಂದ ಗಡಿಯಾರಕ್ಕೆ ಬರುತ್ತದೆ.

ಜಿಲ್ಲಾ ಮಟ್ಟದ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ, ಮಹಿಳಾ ಕಾಲೇಜಿನ ಪ್ರಾಂಶುಪಾಲರು, ಮಹಿಳೆಯರ ಹಾಗೂ ಮಕ್ಕಳ ಕ್ಷೇತ್ರದಲ್ಲಿ ದುಡಿಯುವ ಸಂಸ್ಥೆಗಳವರು ಸದಸ್ಯರು. ಕೇಬಲ್‌ನವರು ತಾವೇ ನಡೆಸುವ ಸ್ಥಳೀಯ ಚಾನೆಲ್‌ಗಳ ಮೇಲೆ ಅದರ ಕಣ್ಣಿರಬೇಕು. ಉಪಗ್ರಹ ವಾಹಿನಿಯ ವಿಷಯ ಬಂದರೆ ಅದು ಮೇಲಕ್ಕೆ ವರದಿ ಮಾಡಬಹುದೇ ಹೊರತು ತೀರ್ಪು ಕೊಡುವಂತಿಲ್ಲ. ಉಪಗ್ರಹ ವಾಹಿನಿಗಳಿಗೆ 2021ರ ಜೂನ್‌ನಲ್ಲಿ ತಿದ್ದುಪಡಿಯಾದ ನಿಯಮಗಳು ಮೂರು ಹಂತದ ವ್ಯವಸ್ಥೆ ಮಾಡಿವೆ. ಮೊದಲು ವಾಹಿನಿಗೇ ದೂರು: 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ. ಉತ್ತರ ಒಪ್ಪಿಗೆಯಾಗದಿದ್ದರೆ ಮತ್ತೆ 15 ದಿನದೊಳಗೆ, ವಾಹಿನಿ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅದಕ್ಕೆ 60 ದಿನದ ಗಡುವು. ಅದರ ಮೇಲೆ ಕೇಂದ್ರ ಸರ್ಕಾರ. ಸ್ವಯಂ ನಿಯಂತ್ರಣ ಹೊಸದೇನಲ್ಲ. ಸುದ್ದಿಯೇತರ ವಾಹಿನಿಗಳ ಮೇಲಿನ ದೂರುಗಳಿಗಾಗಿ ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಬಿಸಿಸಿಸಿ ಎಂಬ ಮಂಡಳಿ 2011ರಿಂದಲೇ ಇದೆ, ಅದರ ಮೊದಲ ಅಧ್ಯಕ್ಷರು ನ್ಯಾಯಮೂರ್ತಿ ಎ. ಪಿ. ಶಾ. ಹೊಸದೇನೆಂದರೆ ಗಡುವುಗಳಿಗೆ ಸಿಕ್ಕ ನಿಯಮದ ಬಲ.

ಜಾಹೀರಾತಿನ ದೂರು ಹೋಗಬೇಕಾದದ್ದು 1985ರಲ್ಲಿ ಸ್ಥಾಪನೆಯಾದ ಜಾಹೀರಾತು ಮಾನದಂಡ ಮಂಡಳಿಗೆ, ಅಂದರೆ ಎಎಸ್‌ಸಿಐಗೆ. ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಗಿನ 6ರ ನಡುವೆ ಮಾತ್ರ ತೋರಿಸುವಂತೆ 2017ರ ಡಿಸೆಂಬರ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೂಚಿಸಿ, ಅದು ಕಾಮಪ್ರಚೋದಕ ಜಾಹೀರಾತುಗಳಿಗಷ್ಟೇ ಅನ್ವಯ ಎಂದು ಬಳಿಕ ಸ್ಪಷ್ಟಪಡಿಸಿತ್ತು. ದೂರುದಾರರು ನೋಡಿದ ಜಾಹೀರಾತು ಆ ಸಾಲಿಗೆ ಸೇರುವಂಥದ್ದಲ್ಲವೆಂದು ಅವರಿಗೇ ಅನ್ನಿಸಿ, ಆ ವಿಷಯ ಅಲ್ಲಿಗೇ ಬಿಟ್ಟಿತು.

ಹೀಗೆ ಒಂದೇ ಮನವಿಯಲ್ಲಿ ಮೂರು ಬಾಗಿಲಿಗೆ ಹೋಗಬೇಕಾದ ದೂರುಗಳು ಕಟ್ಟುಬಿದ್ದಿದ್ದವು. ಹಿಂಬರಹಕ್ಕೆ ಕಾದ ಮೂರು ತಿಂಗಳಿನಲ್ಲಿ ಕೈತಪ್ಪಿದ್ದು ಇನ್ನೊಂದು: ಪ್ರಸಾರವಾದದ್ದರ ಧ್ವನಿಮುದ್ರಿಕೆ, ದೃಶ್ಯಗಳನ್ನು ವಾಹಿನಿ 90 ದಿನ ಕಾಯ್ದಿಟ್ಟುಕೊಳ್ಳಬೇಕು, ಆಮೇಲೆ ಆ ಹೊಣೆ ಇಲ್ಲ. ಮೊದಲ ಮನವಿಗೆ ಕಾರಣವಾದ ಸಂಚಿಕೆಗಳು ಆ ಹೊತ್ತಿಗೆ ಅವಧಿ ಮೀರಿದ್ದವು. ಹೊಸ ಸಂಚಿಕೆಯನ್ನು ಹಿಡಿದು ಹೊಸದಾಗಿಯೇ ಬರೆಯಬೇಕಿತ್ತು.

ಕೇಬಲ್‌ನವರ ಉತ್ತರ

ಲೋಕಲ್ ಚಾನೆಲ್‌ನ ವಿಷಯ ಬೇಗ ಮುಗಿಯಿತು. ಸಮಿತಿಯಿಂದ ನೋಟಿಸು ಬಂದಾಗ ಕೇಬಲ್‌ನವರು ಎದುರಾಡಲಿಲ್ಲ. “ನಾನಾಗಿ ಹಾಕ್ತಿರ್ಲಿಲ್ಲ ಸಾರ್. ಹಬ್ಬ ಮಾಡ್ದೋರೇ ಪೆನ್‌ಡ್ರೈವ್ ತಂದು ಕೊಟ್ಟು, ನಮ್ಮೂರ್ ಪ್ರೋಗ್ರಾಂ ಹಾಕಲ್ವಾ ಅಂತ ಜಗ್ಳಕ್ಕೆ ಬರ್ತಾರೆ” ಎಂದರಂತೆ. ಬರಹದಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟರು, ಪ್ರಸಾರ ನಿಂತಿತು. ಆ ಕುಣಿತಕ್ಕೆ ಬೇರೆ ಊರಿನಿಂದ ಬಂದಿದ್ದ ಹೆಣ್ಣುಮಕ್ಕಳು ವೇದಿಕೆಗೆ ಒಪ್ಪಿದ್ದರೇ ಹೊರತು ತಿಂಗಳುಗಟ್ಟಲೆ ಟಿವಿಯಲ್ಲಿ ತಿರುಗುವುದಕ್ಕಲ್ಲ ಎಂಬ ಮಾತನ್ನು ಸಮಿತಿಯ ಮುಂದೆ ಎತ್ತಿದವರು ಅದೇ ಆಶಾ ಕಾರ್ಯಕರ್ತೆ. ನಡವಳಿಯಲ್ಲಿ ಆ ಮಾತು ದಾಖಲಾಗಿಲ್ಲ.

ಎರಡನೇ ದೂರು ಬರೆದ ಬಗೆ

ವಾಹಿನಿಗೆ ಬರೆಯಲು ಕುಳಿತಾಗ ನಿಜವಾದ ಕಷ್ಟ ಎದುರಾಯಿತು. ದೂರಿನಲ್ಲಿ ಆ ಮಾತನ್ನು ಬರೆಯಬೇಕಲ್ಲ, ಬರೆಯುವವರು ಯಾರು? ಸಂಘದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮುಖ್ಯಶಿಕ್ಷಕಿಯವರೇ ಕನ್ನಡಕ ಏರಿಸಿಕೊಂಡು, ಉಕ್ತಲೇಖನ ಬರೆಯುವ ಹಾಗೆ, ಸದಸ್ಯೆಯ ಮಗಳು ಮೊಬೈಲ್‌ನಲ್ಲಿ ಟಿವಿಯನ್ನೇ ಚಿತ್ರೀಕರಿಸಿಕೊಂಡಿದ್ದ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತ ಅಕ್ಷರಕ್ಕಿಳಿಸಿದರು.

ಬರೆದು ಮುಗಿಸಿ ಓದಿದರೆ ಅದರಲ್ಲಿ ಏನೂ ಇರಲಿಲ್ಲ. ಪ್ರಹಸನದಲ್ಲಿ ಪಂಪ್‌ಸೆಟ್ ರಿಪೇರಿಯವನು ಮನೆಗೆ ಬರುತ್ತಾನೆ. ಮನೆಯೊಡತಿ, ಮೋಟರ್ ಸದ್ದು ಮಾಡುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ ಎನ್ನುತ್ತಾಳೆ. ಗಂಡ ತಲೆ ತಗ್ಗಿಸುತ್ತಾನೆ. ಹಾಸನ ಜಿಲ್ಲೆಯ ಯಾವ ತೋಟದ ಮನೆಯಲ್ಲಾದರೂ ಬೇಸಿಗೆಯಲ್ಲಿ ದಿನಬೆಳಗಾದರೆ ಆಡುವ ಮಾತು ಅದು. ಹೀಗೆ ಕಳಿಸಿದರೆ ವಾಹಿನಿಯವರು ದೂರುದಾರರ ಮನಸ್ಸೇ ಕೊಳಕು ಎಂದು ತಿರುಗಿಸಿ ಹೇಳುವುದು ಖಂಡಿತ. ಉಪನ್ಯಾಸಕರು ತುಣುಕನ್ನು ಧ್ವನಿಯಿಲ್ಲದೆ ಒಮ್ಮೆ ಹಾಕಿಸಿದರು. ಆಗ ಗೊತ್ತಾಯಿತು, ಕೆಲಸ ನಡೆದದ್ದು ಮಾತಿನಲ್ಲಲ್ಲ. ಮಾತು ಮುಗಿದೊಡನೆ ಒಂದು ತಡೆ, ರಿಪೇರಿಯವನ ಕಣ್ಣು ಗಂಡನ ಮೇಲಿಂದ ಕೆಳಗಿಳಿಯುವುದು, ಹಿನ್ನೆಲೆಯಲ್ಲಿ ಡೋಲಿನ ಏಟು, ತೀರ್ಪುಗಾರರು ಬಾಯಿಗೆ ಕೈ ಅಡ್ಡ ಹಿಡಿಯುವುದು, ಅದಾದ ಕೂಡಲೇ ಕ್ಯಾಮೆರಾ ಮಗನ ಪಾತ್ರದಲ್ಲಿ ಕುಳಿತ ಸುಮಾರು ಎಂಟು ವರ್ಷದ ಹುಡುಗನ ಮುಖಕ್ಕೆ ತಿರುಗುವುದು. ಹುಡುಗ ಎಲ್ಲರೂ ಏಕೆ ನಗುತ್ತಿದ್ದಾರೆಂದು ತಿಳಿಯದೆ ಅತ್ತಿತ್ತ ನೋಡುತ್ತಾನೆ. ಆ ಗಲಿಬಿಲಿಗೆ ಮೊದಲಿಗಿಂತ ದೊಡ್ಡ ನಗೆ ಬೀಳುತ್ತದೆ, ಆ ಮುಖವನ್ನು ಮತ್ತೊಮ್ಮೆ ನಿಧಾನಗತಿಯಲ್ಲಿ ತೋರಿಸುತ್ತಾರೆ.

ದೂರಿನ ದಿಕ್ಕು ಅಲ್ಲೇ ಬದಲಾಯಿತು. ಅಲ್ಲಿಯವರೆಗೆ ದೂರು ತಮ್ಮ ಮುಜುಗರದ ಬಗ್ಗೆ ಇತ್ತು. ಇನ್ನು ಮುಂದೆ ಅದು ಆ ಹುಡುಗನ ಬಗ್ಗೆ ಆಯಿತು. ನೃತ್ಯದ ರಿಯಾಲಿಟಿ ಷೋಗಳಲ್ಲಿ ಮಕ್ಕಳಿಂದ ವಯಸ್ಸಿಗೆ ತಕ್ಕುದಲ್ಲದ ಕುಣಿತ ಮಾಡಿಸುವುದರ ಬಗ್ಗೆ ಸಚಿವಾಲಯ 2019ರ ಜೂನ್ 18ರಂದು ಎಲ್ಲ ಖಾಸಗಿ ವಾಹಿನಿಗಳಿಗೆ ಸಲಹಾ ಪತ್ರ ಬರೆದು ಸಂಯಮ ವಹಿಸಲು ಹೇಳಿತ್ತು. ಟಿವಿಯಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆ ಕುರಿತು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯೂ ಇತ್ತು. ನೃತ್ಯದ ಮಾತು ಪ್ರಹಸನಕ್ಕೆ ನೇರವಾಗಿ ಅನ್ವಯಿಸದಿದ್ದರೂ ಅದರ ಹಿಂದಿನ ಕಾಳಜಿ ಇದೇ ಎಂದು ದೂರಿನಲ್ಲಿ ಒಂದು ಪ್ಯಾರಾ ಬರೆದೆವು.

ಇನ್ನೊಂದು ಅಂಶ ಆಕಸ್ಮಿಕವಾಗಿ ಸಿಕ್ಕಿತು. ಮಕ್ಕಳು ಆ ಮಾತುಗಳನ್ನು ಎಲ್ಲಿ ಕಲಿತರು ಎಂದು ಮನೆಮನೆಯಲ್ಲಿ ವಿಚಾರಿಸಿದಾಗ, ಶನಿವಾರ ರಾತ್ರಿ ನೋಡಿ ಕಲಿತವರು ಕಡಿಮೆ ಎಂದು ತಿಳಿಯಿತು. ಆಗ ದೊಡ್ಡವರು ಜೊತೆಗಿದ್ದು, ಮುಜುಗರವಾದ ಕಡೆ ರಿಮೋಟ್ ಒತ್ತುತ್ತಿದ್ದರು. ಮಕ್ಕಳು ನೋಡಿದ್ದು ಭಾನುವಾರ ಬೆಳಗ್ಗೆ ಹತ್ತೂವರೆಯ ಮರುಪ್ರಸಾರವನ್ನು. ಕೊಯ್ಲಿನ ಕಾಲದಲ್ಲಿ ಅಪ್ಪ ಅಮ್ಮ ಭಾನುವಾರವೂ ತೋಟದಲ್ಲೋ ಕಣದಲ್ಲೋ ಇರುತ್ತಾರೆ, ಮನೆಯಲ್ಲಿ ಮಕ್ಕಳು, ಕಿವಿ ಮಂದವಾದ ಅಜ್ಜಿ, ಟಿವಿ. ಜೊತೆಗೆ ವಾರವಿಡೀ ಮಧ್ಯಾಹ್ನದ ಧಾರಾವಾಹಿಗಳ ನಡುವೆ ಬರುವ ಪ್ರೋಮೋದಲ್ಲಿ ಆಯ್ದು ಹಾಕುತ್ತಿದ್ದದ್ದು ಅದೇ ಹುಡುಗನ ಮುಖದ ತುಣುಕನ್ನು. 5ನೇ ಉಪನಿಯಮ ಇಲ್ಲಿ ಕೀಲಿಯ ಹಾಗೆ ಕೂತಿತು.

ಎರಡನೇ ದೂರು ಒಂದೂವರೆ ಪುಟ. ಪ್ರಸಾರದ ದಿನಾಂಕ, ಮರುಪ್ರಸಾರದ ಹೊತ್ತು, ಪ್ರೋಮೋ ಬಂದ ಹೊತ್ತು, ದೃಶ್ಯದ ವಿವರ ಒಂದೊಂದು ಷಾಟ್‌ನಂತೆ, ಕೇಳಿಕೆ ಮೂರು: ಬೆಳಗಿನ ಮರುಪ್ರಸಾರದಿಂದ ಆ ಭಾಗ ತೆಗೆಯಬೇಕು, ಹಗಲಿನ ಪ್ರೋಮೋ ಬದಲಿಸಬೇಕು, ದೊಡ್ಡವರ ಹಾಸ್ಯಕ್ಕೆ ಮಕ್ಕಳ ಮುಖವನ್ನು ಬಳಸುವುದು ನಿಲ್ಲಬೇಕು. ಕಾರ್ಯಕ್ರಮ ನಿಲ್ಲಿಸಿ ಎಂಬ ಮಾತು ಅದರಲ್ಲಿ ಇರಲಿಲ್ಲ. ಸಂಸ್ಕೃತಿ ಎಂಬ ಮಾತೂ ಇರಲಿಲ್ಲ. ಎರಡು ಪುಟ ಸಹಿಯ ಬದಲು ಒಬ್ಬರೇ ದೂರುದಾರರು, ಮುಖ್ಯಶಿಕ್ಷಕಿ. ಸಹಿ ಹಾಕಿದ ಉಳಿದವರಿಗೆ ಇದು ಬೇಸರ ತಂದಿತು. ಆದರೆ ಗಡುವು, ಉತ್ತರ, ಮೇಲ್ಮನವಿ ಇವೆಲ್ಲ ಒಬ್ಬರ ಹೆಸರಿನಲ್ಲಿ ನಡೆದರೆ ಸಲೀಸು ಎಂದು ಉಪನ್ಯಾಸಕರು ಒಪ್ಪಿಸಿದರು.

ಏನಾಯಿತು

ಸ್ವೀಕೃತಿ ಮರುದಿನವೇ ಬಂತು. ಉತ್ತರ ಗಡುವಿನ ಅಂಚಿಗೆ ಬಂತು: ಪ್ರಹಸನದಲ್ಲಿ ಯಾವ ಅಸಭ್ಯ ಪದವೂ ಇಲ್ಲ, ಹಳ್ಳಿಯ ಹಾಸ್ಯ ಪರಂಪರೆಯ ಲಘು ಧಾಟಿಯದು, ಸಂಚಿಕೆ ಎಲ್ಲರೂ ನೋಡಬಹುದಾದ ವರ್ಗದ್ದು. ಮರುಪ್ರಸಾರದ ಬಗ್ಗೆ, ಹುಡುಗನ ಬಗ್ಗೆ ಒಂದಕ್ಷರವಿಲ್ಲ. ಜನಪದರ ಹಾಸ್ಯದಲ್ಲಿ ಇದಕ್ಕಿಂತ ಬಿಚ್ಚುಮಾತು ಇದೆ ಎಂಬುದು ನಿಜವೇ; ಸೋಬಾನೆಯಲ್ಲಿ ಬೀಗರನ್ನು ಹಾಡಿ ಬೈಯುವುದನ್ನು ಕೇಳಿದವರಿಗೆ ಇದು ಗೊತ್ತು. ಅಲ್ಲಿ ಆಡುವವರೂ ಕೇಳುವವರೂ ಒಬ್ಬರಿಗೊಬ್ಬರು ಗೊತ್ತಿದ್ದವರು, ಆ ಗಳಿಗೆ ಮುಗಿದರೆ ಮಾತೂ ಮುಗಿಯುತ್ತದೆ, ಭಾನುವಾರ ಬೆಳಗ್ಗೆ ಮರುಪ್ರಸಾರವಾಗುವುದಿಲ್ಲ. ಮೇಲ್ಮನವಿಯಲ್ಲಿ ಈ ವಾದ ಸೇರಿಸಬೇಕೆಂದು ಕೆಲವರು ಉತ್ಸಾಹ ತೋರಿದರೂ ಮುಖ್ಯಶಿಕ್ಷಕಿ ಬೇಡವೆಂದರು. ಉತ್ತರ ಸಿಗದ ಎರಡು ಪ್ರಶ್ನೆಗಳನ್ನಷ್ಟೇ ಎತ್ತಿ, ವಾಹಿನಿಗೆ ಕೊಟ್ಟ ದೂರು ಮತ್ತು ಉತ್ತರದ ಪ್ರತಿ ಲಗತ್ತಿಸಿ ಸ್ವಯಂ ನಿಯಂತ್ರಣ ಸಂಸ್ಥೆಗೆ ಕಳಿಸಿದರು. ವಾಹಿನಿಯ ಮೌನವನ್ನೇ ಮೇಲ್ಮನವಿಯ ಆಧಾರ ಮಾಡಿಕೊಂಡ ಈ ತೀರ್ಮಾನವನ್ನು ನಾನು ಇಡೀ ಪ್ರಕರಣದ ಜಾಣ ನಡೆ ಎಂದು ಎಣಿಸುತ್ತೇನೆ.

ಮೇಲ್ಮನವಿಯ ವಿಚಾರಣೆಯಲ್ಲಿ ವಾಹಿನಿಯ ಧಾಟಿ ಬದಲಾಯಿತು. ಮರುಪ್ರಸಾರವನ್ನು ಶನಿವಾರ ತಡರಾತ್ರಿಗೆ ಸರಿಸುವುದಾಗಿಯೂ, ಹಗಲಿನ ಪ್ರೋಮೋಗಳನ್ನು ಬೇರೆಯಾಗಿ ಕತ್ತರಿಸುವುದಾಗಿಯೂ, ಮಕ್ಕಳಿರುವ ಪ್ರಹಸನಗಳ ಸಂಭಾಷಣೆಯನ್ನು ಚಿತ್ರೀಕರಣಕ್ಕೆ ಮೊದಲೇ ಪರಿಶೀಲಿಸುವುದಾಗಿಯೂ ಬರೆದುಕೊಟ್ಟಿತು. ಸಂಸ್ಥೆ ಅದನ್ನು ದಾಖಲಿಸಿಕೊಂಡು, ಮಕ್ಕಳ ವಿಷಯದಲ್ಲಿ ಎಚ್ಚರ ವಹಿಸುವಂತೆ ತಿಳಿಸಿ ಪ್ರಕರಣ ಮುಗಿಸಿತು. ದಂಡವಿಲ್ಲ, ಕ್ಷಮೆಯಾಚನೆಯಿಲ್ಲ. ಪ್ರಹಸನ ಅಶ್ಲೀಲವೇ ಅಲ್ಲವೇ ಎಂಬುದರ ಬಗ್ಗೆ ತೀರ್ಮಾನವೂ ಇಲ್ಲ. ಊರಿನಲ್ಲಿ ಕೆಲವರಿಗೆ ಇದು ಸೋಲು ಎನ್ನಿಸಿತು. ನನಗೆ ಹಾಗೆ ಕಾಣುವುದಿಲ್ಲ, ಏಕೆಂದರೆ ಅಶ್ಲೀಲತೆಯ ತೀರ್ಪನ್ನು ಎರಡನೇ ದೂರು ಕೇಳಿಯೇ ಇರಲಿಲ್ಲ. ಮೊದಲ ಮನವಿ ಕೇಳಿತ್ತು, ಅದರ ಮೇಲೆ ವಾಹಿನಿಯೊಂದಿಗೆ ವರ್ಷಗಟ್ಟಲೆ ಗುದ್ದಾಡಬಹುದಿತ್ತು.

ಶನಿವಾರ ಒಂಬತ್ತರ ಕಾರ್ಯಕ್ರಮ ಈಗಲೂ ಮೊದಲಿನ ಹಾಗೆಯೇ ಇದೆ, ದ್ವಂದ್ವಾರ್ಥವೂ ಇದೆ, ದೂರುದಾರರಲ್ಲಿ ಹಲವರು ಈಗಲೂ ನೋಡುತ್ತಾರೆ. ಮಕ್ಕಳ ಮುಖಕ್ಕೆ ಕ್ಯಾಮೆರಾ ತಿರುಗಿಸುವುದು ನಿಂತಿದೆ. ವ್ಯವಸ್ಥೆ ಕೈಚಾಚದ ಜಾಗ ಒಂದು ಉಳಿದಿದೆ: ಟಿವಿಯಲ್ಲಿ ಹಗಲು ಹೊತ್ತಿನಿಂದ ತೆಗೆದುಹಾಕಿದ ಅದೇ ತುಣುಕು ವಾಹಿನಿಯ ಮೊಬೈಲ್ ಆ್ಯಪ್‌ನಲ್ಲಿ ಇಡೀ ಸಂಚಿಕೆಯ ಭಾಗವಾಗಿ ಸಿಗುತ್ತದೆ. ಅದಕ್ಕೆ ಅನ್ವಯಿಸುವುದು ಕೇಬಲ್ ನಿಯಮವಲ್ಲ, 2021ರ ಫೆಬ್ರುವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳು. ಅಲ್ಲಿ ಪ್ರಸಾರದ ಹೊತ್ತು ಎಂಬುದೇ ಇಲ್ಲವಾದ್ದರಿಂದ 5ನೇ ಉಪನಿಯಮದ ವಾದ ನಡೆಯದು. ಯು, ಯುಎ 7+, 13+, 16+, ಎ ಎಂಬ ವಯೋವರ್ಗೀಕರಣ ಸರಿಯಾಗಿದೆಯೇ ಎಂದು ಕೇಳಬೇಕು. ಸಂಚಿಕೆಗೆ ಯು ಎಂದು ಹಾಕಿದ್ದಾರೆ. ಮುಖ್ಯಶಿಕ್ಷಕಿಯವರು ಅದರ ಮೇಲೆ ಹೊಸ ದೂರು ಬರೆದಿದ್ದು, ಸ್ವೀಕೃತಿ ಬಂದಿದೆ, ಉತ್ತರದ 15 ದಿನ ಇನ್ನೂ ಮುಗಿದಿಲ್ಲ.